ಎರಡು ಲಾಳ

ದಾದಾ ಅಂದದ್ದು ಇಷ್ಟೇ:
'ನಿನ್ನ ಕುದುರೆ ಕುಂಟ್ತಾ ಇದೆಯಲ್ಲ ತಸ್ಮಿ.'

ಸರಿಯಾಗಿಯೇ ಅಂದಿದ್ದರು.
ಬಯಲಲ್ಲಿ ಮೂವತ್ತೊಂದು ಫ್ರೇಮು, ಊರು ಬಂದರೆ ಇಪ್ಪತ್ತೆರಡು;
ಪರದೆಯ ಹುಲ್ಲುಗಾವಲಲ್ಲಿ ನನ್ನ ಕಂದು ಕುದುರೆ
ಒಂದು ಹೆಜ್ಜೆ ನುಂಗಿ ಇನ್ನೊಂದಕ್ಕೆ ಮುಗ್ಗರಿಸುತ್ತಿತ್ತು.
ನನಗದು ಲ್ಯಾಗು.
ನಲವತ್ತು ವರ್ಷ ಟಾಂಗಾ ಹೊಡೆದವರಿಗೆ
ಮುಂದಿನ ಎಡಗಾಲಿನ ಗೊರಸು.

ಮಂಡಿ ಮೊಹಲ್ಲಾದ ಈ ಮನೆಯಲ್ಲಿ ಈಗ
ಲಾಯವಿದ್ದ ಕಡೆ ವಾಷಿಂಗ್ ಮಷಿನ್ನು,
ಅದರ ಮೇಲಿನ ಮೊಳೆಗೆ ಕಪ್ಪಿಟ್ಟ ಗೆಜ್ಜೆಪಟ್ಟಿ.
ಮನೆಯವರ ಜೊತೆ ಉರ್ದುವಾದರೂ
ಕುದುರೆ ಜೊತೆ ದಾದಾರದು ಕನ್ನಡ;
ಕೊಳ್ಳೇಗಾಲದ ಕಡೆಯದಂತೆ, ಬೇರೆ ತಿಳಿಯುತ್ತಿರಲಿಲ್ಲವಂತೆ.
ಲ್ಯಾಪ್‌ಟಾಪೂ ಹಾಗೆಯೇ ಯಾರದೋ.
ಹಿಂದಿನ ಯಜಮಾನ ಕೀಲಿಗಳ ಸಂದಿಯಲ್ಲಿ ಬಿಟ್ಟುಹೋದ ಚಕ್ಕುಲಿ
ಇನ್ನೂ ಚೂರುಚೂರೇ ಉದುರುತ್ತದೆ.

ರಾತ್ರಿ ಹನ್ನೊಂದಕ್ಕೆ ಸ್ಲೈಡರ್ ಹಿಡಿದು ಕೂತೆ.
ಕಾರ್ಡಿನ ಗಡಿಯಾರವನ್ನು ಐವತ್ತು ಏರಿಸಿದೆ, ಏನೂ ಆಗಲಿಲ್ಲ.
ನೂರು: ಕುಂಟು ಕಡಿಮೆಯಾಯಿತು.
ನೂರೈವತ್ತು: ಕಲ್ಲುಗೋಡೆ ಹಾರಿತು!
'ಶಹಬ್ಬಾಸ್!' ಮಂಚದಿಂದ ಕಾಲಿಳಿಸಿ ದಾದಾ
ನಾಲಿಗೆಯನ್ನು ಅಂಗುಳಿಗೆ ಒತ್ತಿ ಟ್ಟಕ್ ಟ್ಟಕ್ ಎನಿಸಿದರು
ಕೇಳುವ ಕಿವಿಯಿಲ್ಲದ ಪ್ರಾಣಿಗೆ.
ಕೇಳಿಸಿಕೊಂಡಂತೆ ಕೂಗತೊಡಗಿದ್ದು ಫ್ಯಾನು.

ಎಪ್ಪತ್ತೊಂಬತ್ತು. ಎಂಬತ್ತನಾಲ್ಕು. ಎಂಬತ್ತೇಳು.
ಮೂಲೆಯ ಡಿಗ್ರಿಯನ್ನು ಹೆಬ್ಬೆರಳಿಂದ ಮುಚ್ಚಿಕೊಂಡೆ,
ನೋಡದಿದ್ದರೆ ಏರುವುದಿಲ್ಲವೇನೋ ಎಂಬಂತೆ.
ಇನ್ನೊಂದಿಪ್ಪತ್ತೈದು, ಅಷ್ಟೇ, ಇನ್ನೊಂದೇ
ಅನ್ನುವಾಗ ಆಕಾಶದಲ್ಲಿ ಹಸಿರು ಚೌಕಗಳು ಮೊಳೆತವು.
ಕುದುರೆಯ ಬಾಲ ದಿಗಂತದವರೆಗೆ ಜಗ್ಗಿ ಹರಿಯಿತು.
ಆಮೇಲೆ ಕಪ್ಪು.
ಕಪ್ಪಿನಲ್ಲಿ ನಮ್ಮಿಬ್ಬರ ಮುಖ.

ದಾದಾ ಬೈಯಲಿಲ್ಲ.
ಕುತ್ತಿಗೆ ಸವರುವ ಹಾಗೆ
ಕೀಬೋರ್ಡಿನ ಮೇಲೆ ಅಂಗೈ ಇಟ್ಟು, ತೆಗೆದು, ಮತ್ತೆ ಇಟ್ಟರು.
'ಬೆವರೋದಕ್ಕೂ ಬರಲ್ಲ ಪಾಪ ಇದಕ್ಕೆ.'

ಆಮೇಲೆ ನಗೀನಾಳ ಮಾತು ಬಂತು, ನಾನು ಕೇಳದೆಯೇ.
ಅರಸೀಕೆರೆ ಗಾಡಿಗೆ ಹೊತ್ತಾಗಿತ್ತು;
ಎರಡು ಟ್ರಂಕು, ಒಬ್ಬಳು ತುಂಬು ಬಸುರಿ, ಬಾಡಿಗೆ ಡಬಲ್ಲು.
ಅಲ್ಲಿಯವರೆಗೆ ಬರೀ ತೋರಿಸಲಿಕ್ಕಿದ್ದ ಚಾವಟಿ
ಇರ್ವಿನ್ ರಸ್ತೆಯಲ್ಲಿ ಕೆಲಸ ಮಾಡಿತು.
ಗಾಡಿ ಸಿಕ್ಕಿತು ಅವರಿಗೆ.
ಸ್ಟೇಷನ್ನಿನ ತಿರುವಿನಲ್ಲಿ ಇವಳು ಮಂಡಿಯೂರಿದಳು.
ಎದ್ದಳು ಕೂಡ. ಆದರೆ ಅಂದಿನಿಂದ ಆ ತಿರುವು ಬಂದರೆ
ಜನ ಇರಲಿ, ಖಾಲಿ ಇರಲಿ, ಪೊಲೀಸು ಸೀಟಿ ಊದಲಿ,
ತಾನಾಗಿ ನಿಂತು, ಎಣಿಸಿದಂತೆ ಎಂಟು ಉಸಿರು ಬಿಟ್ಟು
ಆಮೇಲೆಯೇ ನಡಿಗೆ.
'ನಾನೂ ಇಳಿದು ನಿಲ್ತಿದ್ದೆ.'

ಅಟ್ಟದ ಬಿಸ್ಕತ್ತು ಡಬ್ಬಿ ಇಳಿಸಿಕೊಟ್ಟೆ.
ಸವೆದ ಲಾಳ ಎರಡು, ಒಂದರಲ್ಲಿ ಇನ್ನೂ ಬಾಗಿದ ಮೊಳೆ.
ಲ್ಯಾಪ್‌ಟಾಪಿನ ಹಿಂಗಾಲಿಗೆ ಒಂದೊಂದು ಕೊಟ್ಟು
ಎತ್ತರಿಸಿದರು: 'ಹೊಟ್ಟೆ ಕೆಳಗೆ ಗಾಳಿ ಬೇಕು.'
ಸ್ಲೈಡರನ್ನು ನೂರಕ್ಕಿಳಿಸಿದೆ, ಮನಸ್ಸಿಲ್ಲದೆ ತೊಂಬತ್ತಕ್ಕೆ;
ವೋಲ್ಟೇಜು ಒಂದು ಕೂದಲೆಳೆ ಕೆಳಗೆ.
'ಲಗಾಮು ಸಡಿಲ ಬಿಟ್ಟೆಯಾ?'
ಹೌದು ಅನ್ನಬಹುದೋ ಇಲ್ಲವೋ ಗೊತ್ತಾಗದೆ
ಹೌದೆಂದೆ.

ಎಪ್ಪತ್ತಾರು ಡಿಗ್ರಿ, ಮೂವತ್ತೊಂಬತ್ತು ಫ್ರೇಮು.
ಯಾರಿಗೂ ಹೇಳಿಕೊಳ್ಳುವ ಸಂಖ್ಯೆಯಲ್ಲ;
ಎದುರುಮನೆ ದೀಕ್ಷಿತನ ಮಷಿನ್ನಿನಲ್ಲಿ ನೂರಿಪ್ಪತ್ತು.
ಕುದುರೆ ಮಾತ್ರ ಕಾಲು ತಪ್ಪದೆ ಹೊಳೆ ದಾಟಿತು.

ಊರಬಾಗಿಲಲ್ಲಿ ನಿಂತಿತು, ಎಂದಿನಂತೆ,
ಒಳಗಿನ ಬೀದಿಗಳು ಲೋಡಾಗಬೇಕು.
ಅಭ್ಯಾಸಬಲ, ನನ್ನ ಕೈ ಸ್ಲೈಡರಿನತ್ತ ಹೋಯಿತು.
ಪಕ್ಕದಲ್ಲಿ ದಾದಾ, ಕಣ್ಣು ಮುಚ್ಚಿಕೊಂಡು, ಕನ್ನಡದಲ್ಲಿ:
ಐದು…
ಆರು…